ಕೈ ಬದಲಾದ ಕ್ಯಾಮೆರಾ, ದುರ್ಗದ ದೂಳು

ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಕ್ಯಾಮೆರಾದ ದೂಳು, ಕಲೆ, ಮಸುಕುಗಳು ಕೂರುವ ಜಾಗಗಳು ನಾಲ್ಕು: ಲೆನ್ಸಿನ ಹೊರಗಾಜು, ಲೆನ್ಸಿನ ಒಳಭಾಗ, ವ್ಯೂಫೈಂಡರಿನ ದಾರಿಯಲ್ಲಿರುವ ಕನ್ನಡಿ ಮತ್ತು ಫೋಕಸಿಂಗ್ ಸ್ಕ್ರೀನ್, ಸೆನ್ಸರಿನ ಮುಂದಿರುವ ಫಿಲ್ಟರ್ ಗಾಜು. ಒಂದೊಂದು ಜಾಗದ ದೂಳೂ ಒಂದೊಂದು ರೀತಿ ಕಾಣುತ್ತದೆ, ಒಂದೊಂದನ್ನು ತೆಗೆಯುವ ಬಗೆಯೂ ಬೇರೆ. ಡಿಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಕಣ್ಣಿಗೆ ರಾಚುವ ಕಪ್ಪು ಎಳೆ ಫೋಟೊದಲ್ಲಿ ಬರುವುದೇ ಇಲ್ಲ. ಫೋಟೊದಲ್ಲಿ ಆಕಾಶವನ್ನು ಕೆಡಿಸುವ ಚುಕ್ಕೆ ವ್ಯೂಫೈಂಡರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇದು ಗೊತ್ತಿಲ್ಲದವರು ಕಂಡ ಗಾಜನ್ನೆಲ್ಲ ಉಜ್ಜುತ್ತಾರೆ. ಚುಕ್ಕೆ ಹೋಗುವುದಿಲ್ಲ, ಗೀರು ಮಾತ್ರ ಉಳಿಯುತ್ತದೆ. ದೂಳು ತೆಗೆಯಬಹುದು, ಗೀರು ತೆಗೆಯಲಾಗದು. ಆದ್ದರಿಂದ ಈ ವಿಷಯದಲ್ಲಿ ಪತ್ತೆ ಮೊದಲು, ಒರೆಸುವುದು ಆಮೇಲೆ.

ಫಿಲ್ಮ್ ಕಾಲದಲ್ಲಿ ಈ ತೊಂದರೆ ಇಷ್ಟು ಕಾಡುತ್ತಿರಲಿಲ್ಲ. ರೋಲಿನ ಪ್ರತಿ ಫ್ರೇಮೂ ಹೊಸದು. ಒಂದರ ಮೇಲೆ ಬಿದ್ದ ದೂಳು ಅದರೊಂದಿಗೇ ಸುತ್ತಿಕೊಂಡು ಹೋಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಒಂದೇ. ಮೊದಲ ಮಾಲೀಕ ಮದುವೆ ಚಪ್ಪರದಲ್ಲಿ ಲೆನ್ಸ್ ಬದಲಿಸುವಾಗ ಒಳಗೆ ಬಿದ್ದ ಕಣ ಮೂರನೆಯ ಮಾಲೀಕನ ಫೋಟೊದಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ ಫಿಲ್ಟರ್ ಗಾಜನ್ನು ಶ್ರವಣಾತೀತ ಆವರ್ತನದಲ್ಲಿ ನಡುಗಿಸಿ ಕಣ ಉದುರಿಸುವುದು. ಒಲಿಂಪಸ್ 2003ರ ಇ-1 ಮಾಡೆಲಿನಲ್ಲಿ ಇದನ್ನು ತಂದಿತು. ಕ್ಯಾನನ್ 2006ರ 400ಡಿಯಲ್ಲೂ, ನಿಕಾನ್ 2007ರ ಡಿ300ರಲ್ಲೂ ಅಳವಡಿಸಿದವು. ಹೊಸ ಮಾಡೆಲ್ ಎಂದಮಾತ್ರಕ್ಕೆ ಈ ಸೌಲಭ್ಯ ಇದ್ದೇ ಇರುತ್ತದೆ ಎಂದುಕೊಳ್ಳುವಂತಿಲ್ಲ. ಕ್ಯಾನನ್ 1100ಡಿ, 1200ಡಿ, 1300ಡಿ, 1500ಡಿಗಳಲ್ಲಿ ಅದಿಲ್ಲ. ನಿಕಾನ್ ಡಿ3300ರಲ್ಲಿ ಇದ್ದದ್ದನ್ನು 2016ರ ಡಿ3400ರಲ್ಲೂ 2018ರ ಡಿ3500ರಲ್ಲೂ ಕೈಬಿಡಲಾಯಿತು. ಕಡಿಮೆ ಬೆಲೆಗೆ ಕೈ ಬದಲಾಗುವ ಕ್ಯಾಮೆರಾಗಳಲ್ಲಿ ಇವೇ ಮುಂದು. ಬಯಲುಸೀಮೆಯಲ್ಲಿ ಇಂಥ ಒಂದನ್ನು ಕೊಳ್ಳುವವರು ದೂಳಿನ ಕೆಲಸ ತಮ್ಮ ಕೈಯಲ್ಲೇ ಇದೆ ಎಂದು ತಿಳಿದೇ ಕೊಳ್ಳಬೇಕು.

ಬಯಲುಸೀಮೆ ಎಂದು ಹೇಳುವುದಕ್ಕೆ ಕಾರಣವಿದೆ. ಚಿತ್ರದುರ್ಗ ಜಿಲ್ಲೆಯ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು. ಗಾಳಿ ಮಾತ್ರ ಧಾರಾಳ. ಜೋಗಿಮಟ್ಟಿ ಬೆಟ್ಟದ ಸಾಲಿನಲ್ಲೂ ಹೊಸದುರ್ಗದ ಗುಡ್ಡಗಳಲ್ಲೂ ಗಾಳಿಯಂತ್ರಗಳು ನಿಂತಿರುವುದು ಅದನ್ನು ನಂಬಿಯೇ. ಆಷಾಢದ ಗಾಳಿಗೆ ಮೋಡ ಓಡುತ್ತದೆ, ಮಳೆ ಬರುವುದಿಲ್ಲ, ಬರಿ ಮಣ್ಣು ಏಳುತ್ತದೆ. ಆ ಮಣ್ಣೂ ಎಲ್ಲ ಕಡೆ ಒಂದೇ ಅಲ್ಲ. ಚಿತ್ರದುರ್ಗದ ಕೋಟೆಯ ಸುತ್ತಲಿನ ಗ್ರಾನೈಟ್ ಬಂಡೆ ಸವೆದು ಉದುರುವ ಪುಡಿಯಲ್ಲಿ ಬೆಣಚುಕಲ್ಲಿನ ಚೂರು ಹೆಚ್ಚು. ಹೊಳಲ್ಕೆರೆ, ಹೊಸದುರ್ಗದ ಕೆಂಪು ಮಸಾರಿಯಲ್ಲಿ ಅದರ ಜೊತೆಗೆ ಕಬ್ಬಿಣದ ಆಕ್ಸೈಡ್ ಸೇರಿರುತ್ತದೆ. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಯ ಅಂಚಿನ ಗಿಡಗಳೂ ಅದೇ ಬಣ್ಣಕ್ಕೆ ತಿರುಗಿರುತ್ತವೆ. ಹಿರಿಯೂರಿನ ಎರೆಹೊಲಗಳ ದೂಳು ಮೃದು, ಬಲು ನುಣ್ಣಗಿನ ಜೇಡಿ. ಒಣಗಿದ್ದಾಗ ಹಾರುತ್ತದೆ, ತೇವ ತಾಗಿದರೆ ಅಂಟಿಕೊಳ್ಳುತ್ತದೆ.

ಕ್ಯಾಮೆರಾದ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಕಬ್ಬಿಣದ ಅದಿರಾದ ಹೆಮಟೈಟ್ ಐದೂವರೆಯಿಂದ ಆರೂವರೆ. ಸಾಮಾನ್ಯ ಗಾಜು ಐದೂವರೆ, ಆರರ ಒಳಗೆ. ಅಂದರೆ ಕೋಟೆಯ ಮೇಲಿನ ಒಂದು ಮರಳಿನ ಕಣ ಬಟ್ಟೆಯ ಕೆಳಗೆ ಸಿಕ್ಕಿಬಿದ್ದರೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಗಾಜಿಗಿಂತ ಮೊದಲು ಅದರ ಮೇಲಿನ ತೆಳು ಲೇಪ ಹೋಗುತ್ತದೆ. ಎರೆಮಣ್ಣಿನ ಅಪಾಯ ಬೇರೆ: ಬಾಯಿಂದ ಊದಿದಾಗ ಉಗುಳಿನ ತೇವಕ್ಕೆ ಅದು ಕೆಸರಾಗಿ ಒಣಗಿ, ರಬ್ಬರ್ ಬುರುಡೆಯ ಬ್ಲೋಅರಿನ ಗಾಳಿಗೆ ಜಗ್ಗದ ಕಲೆಯಾಗುತ್ತದೆ.

ದೂಳಿನ ಕಣ ಸೆನ್ಸರಿನ ಮೇಲೇ ಕೂತಿರುತ್ತದೆ ಎಂಬುದು ರೂಢಿಯ ಮಾತು. ಅದು ಕೂರುವುದು ಸೆನ್ಸರಿನ ಮುಂದೆ ಇರುವ ಫಿಲ್ಟರಿನ ಮೇಲೆ, ಬೆಳಕು ಹಿಡಿಯುವ ಪದರದಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿ. ಫೋಟೊದಲ್ಲಿ ಬರುವುದು ಕಣವಲ್ಲ, ಅದರ ನೆರಳು. ಅಪರ್ಚರ್ ಹಿಗ್ಗಿದ್ದಾಗ ಬೆಳಕು ಅಗಲವಾದ ಕೋನದಿಂದ ಬಂದು ನೆರಳನ್ನು ಹರಡಿಬಿಡುತ್ತದೆ. ಅಪರ್ಚರ್ ಕುಗ್ಗಿದಾಗ ಬೆಳಕು ಸಣ್ಣ ಕಂಡಿಯಿಂದ ನೇರವಾಗಿ ಬಂದು ನೆರಳನ್ನು ಚುಕ್ಕೆಯಾಗಿಸುತ್ತದೆ. ಲೆಕ್ಕ ಸುಲಭ: ಕಣಕ್ಕೂ ಪದರಕ್ಕೂ ಇರುವ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ನೆರಳು ಎಷ್ಟು ಹರಡುತ್ತದೆ ಎಂಬ ಅಂದಾಜು ಸಿಗುತ್ತದೆ. ದೂರ ಒಂದೂವರೆ ಮಿಲಿಮೀಟರ್ ಎಂದುಕೊಂಡರೆ ಎಫ್/2.8ರಲ್ಲಿ ನೆರಳು ಅರ್ಧ ಮಿಲಿಮೀಟರಿಗೂ ಹೆಚ್ಚು ಹರಡುತ್ತದೆ. ಕ್ಯಾನನ್ 1300ಡಿಯ ಲೆಕ್ಕದಲ್ಲಿ ಅದು ನೂರಿಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್ ಅಗಲ, ಕಣ್ಣಿಗೆ ಬೀಳದಷ್ಟು ತೆಳು. ಎಫ್/22ರಲ್ಲಿ ಅದೇ ಕಣ ಹದಿನಾರು ಪಿಕ್ಸೆಲ್ ಅಗಲದ ಒಳಗೆ ಒತ್ತಿಕೊಂಡು ಕಪ್ಪಾಗಿ ನಿಲ್ಲುತ್ತದೆ.

ಮಾರುವವರು ತೋರಿಸುವ ಮಾದರಿ ಫೋಟೊಗಳನ್ನು ನೋಡಿ ಮೋಸಹೋಗುವುದು ಇಲ್ಲೇ. ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ರಾತ್ರಿ ರಂಗದ ಬೆಳಕಿನಲ್ಲಿ ತೆಗೆದ ಫೋಟೊಗಳಿಗೆ ಅಪರ್ಚರ್ ಪೂರ್ತಿ ತೆರೆದಿರುತ್ತದೆ, ಹಿನ್ನೆಲೆ ಕತ್ತಲೆ. ಸೆನ್ಸರ್ ತುಂಬ ದೂಳಿದ್ದರೂ ಒಂದು ಚುಕ್ಕೆಯೂ ಕಾಣದು. ಮದುವೆ ಮನೆಯ ಫೋಟೊಗಳೂ ಬಹುಪಾಲು ಹಾಗೆಯೇ. ಅದೇ ಕ್ಯಾಮೆರಾವನ್ನು ಹಗಲಿನಲ್ಲಿ ವಾಣಿವಿಲಾಸ ಸಾಗರಕ್ಕೆ ಒಯ್ದು, ನೀರೂ ಆಕಾಶವೂ ಪೂರ್ತಿ ಬರುವಂತೆ ಎಫ್/16ರಲ್ಲಿ ತೆಗೆದರೆ ಬಂಡವಾಳ ಬಯಲಾಗುತ್ತದೆ. 2022ರಲ್ಲಿ ಆ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ಹೋಗಿ ಫೋಟೊ ತೆಗೆದರು. ಅಂಥ ದೃಶ್ಯದಲ್ಲಿ ಚಿತ್ರದ ಮುಕ್ಕಾಲು ಪಾಲು ನೀರು ಮತ್ತು ಮೋಡ. ದೂಳಿಗೆ ಅಡಗಲು ಜಾಗವೇ ಇರುವುದಿಲ್ಲ. ಹೊಲ, ತೋಟ, ಬಂಡೆಗಳ ಚಿತ್ರದಲ್ಲಾದರೆ ವಿವರಗಳ ನಡುವೆ ಚುಕ್ಕೆ ಕರಗಿಹೋಗುತ್ತದೆ.

ಪರೀಕ್ಷೆಗೆ ಬೇಕಾದ್ದು ಬಿಳಿ ಗೋಡೆ, ಬಿಳಿ ಕಾಗದ ಅಥವಾ ಮೋಡವಿಲ್ಲದ ಆಕಾಶದ ತುಂಡು. ಐಎಸ್‌ಒ 100, ಅಪರ್ಚರ್ ಎಫ್/16 ಅಥವಾ ಎಫ್/22, ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚು, ಫೋಕಸ್ ಮ್ಯಾನ್ಯುಯಲ್‌ಗೆ ಬದಲಿಸಿ ಬೇಕೆಂದೇ ತಪ್ಪಿಸಿದ್ದು. ಗೋಡೆಯ ಮುಂದೆ ನಿಂತು ಶಟರ್ ತೆರೆದಿರುವಷ್ಟು ಹೊತ್ತು ಕ್ಯಾಮೆರಾವನ್ನು ಸ್ವಲ್ಪ ಅಲ್ಲಾಡಿಸಬೇಕು. ಅಲ್ಲಾಡಿಸಿದರೆ ಗೋಡೆಯ ಕಲೆಗಳು ಅಳಿಸಿಹೋಗುತ್ತವೆ. ಸೆನ್ಸರಿನ ಜೊತೆಗೇ ಚಲಿಸುವ ದೂಳಿನ ನೆರಳು ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ. ಹೀಗೆ ಎರಡು ಮೂರು ಫೋಟೊ ತೆಗೆದು, ನೂರಕ್ಕೆ ನೂರು ಗಾತ್ರಕ್ಕೆ ಹಿಗ್ಗಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಬೇಕು. ಕ್ಯಾಮೆರಾದ ಪುಟ್ಟ ಪರದೆ ಸಾಲದು. ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಕಾಂಟ್ರಾಸ್ಟ್ ಏರಿಸಿದರೆ ಅರೆಬರೆ ಕಣಗಳೂ ಎದ್ದು ಕಾಣುತ್ತವೆ.

ಎಲ್ಲ ಫೋಟೊಗಳಲ್ಲೂ ಒಂದೇ ಜಾಗದಲ್ಲಿದ್ದು, ಲೆನ್ಸ್ ಬದಲಿಸಿದರೂ ಕದಲದೆ, ಎಫ್/4ಕ್ಕೆ ಬಂದಾಗ ಮಸುಕಾಗುವ ಕಪ್ಪು ಚುಕ್ಕೆ ಸೆನ್ಸರಿನದೇ. ನೂಲಿನಂತೆ ಸುರುಳಿ ಸುತ್ತಿದ್ದರೆ ಬಟ್ಟೆಯ ಎಳೆ. ನಡು ತಿಳಿಯಾಗಿ ಅಂಚು ಗಾಢವಾಗಿರುವ ಗುಂಡನೆಯ ಕಲೆಗಳು ಸಾಮಾನ್ಯವಾಗಿ ಎಣ್ಣೆಯ ಹನಿ ಅಥವಾ ಒಣಗಿದ ದ್ರವ. ಕೆಂಪು, ನೀಲಿ, ಬಿಳಿ ಬಣ್ಣದಲ್ಲಿ ಮಿನುಗುವ ಚುಕ್ಕೆಯಾದರೆ ದೂಳೇ ಅಲ್ಲ, ಕೆಟ್ಟ ಪಿಕ್ಸೆಲ್. ಲೆನ್ಸ್ ಕ್ಯಾಪ್ ಹಾಕಿಯೇ ಕೆಲವು ಸೆಕೆಂಡು ಶಟರ್ ತೆರೆದಿಟ್ಟರೆ ಅದು ಕತ್ತಲೆಯಲ್ಲೂ ಉರಿಯುತ್ತದೆ, ಬೇಸಿಗೆಯ ಸೆಕೆಯಲ್ಲಿ ಇನ್ನಷ್ಟು. ಅದನ್ನು ಯಾವ ಬಟ್ಟೆಯೂ ಒರೆಸಲಾರದು.

ಚುಕ್ಕೆ ಇರುವ ಮೂಲೆಯನ್ನು ಹುಡುಕುವಾಗ ಒಂದು ಸಂಗತಿ ನೆನಪಿರಬೇಕು. ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುತ್ತದೆ. ಲೆನ್ಸ್ ಕಳಚಿ ಮುಂದಿನಿಂದ ಸೆನ್ಸರನ್ನು ನೋಡಿದಾಗ ಫೋಟೊದ ಮೇಲಿನ ಅಂಚಿನ ಕಣ ಕೆಳ ಅಂಚಿನಲ್ಲಿ ಸಿಗುತ್ತದೆ. ಎಡಬಲ ಮಾತ್ರ ಹಾಗೆಯೇ ಇರುತ್ತದೆ. ಆಕಾಶದ ಎಡಮೂಲೆಯ ಚುಕ್ಕೆಗೆ ಸೆನ್ಸರಿನ ಕೆಳಗಿನ ಎಡಮೂಲೆ.

ವ್ಯೂಫೈಂಡರಿನ ದೂಳು ಕಣ್ಣಿಗಷ್ಟೇ ಕಿರಿಕಿರಿ, ಚಿತ್ರಕ್ಕೆ ಹಾನಿಯಿಲ್ಲ. ಬ್ಲೋಅರಿನಿಂದ ನಾಲ್ಕು ಸಲ ಊದಿ ಬಿಟ್ಟುಬಿಡುವುದು ಲೇಸು. ಕನ್ನಡಿಯ ಬೆಳ್ಳಿಪೂಚು ಮುಂಬದಿಗೇ ಇರುತ್ತದೆ, ಫೋಕಸಿಂಗ್ ಸ್ಕ್ರೀನ್ ಪ್ಲಾಸ್ಟಿಕ್ಕಿನದು. ಎರಡೂ ಬೆರಳು ತಾಗಿದರೆ ಕೆಡುವಂಥವು.

ಲೆನ್ಸಿನ ಒಳಗಿನ ದೂಳಿನ ಬಗ್ಗೆ ಕೊಳ್ಳುವವರಿಗೆ ಇರುವ ಭಯ ಅತಿಯಾದದ್ದು. ಜೂಮ್ ಲೆನ್ಸ್ ಹಿಗ್ಗಿ ಕುಗ್ಗುವಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯೊಂದಿಗೆ ದೂಳೂ ಬರುತ್ತದೆ. ನಾಲ್ಕೈದು ವರ್ಷ ದುಡಿದ ಲೆನ್ಸಿನಲ್ಲಿ ಟಾರ್ಚ್ ಬಿಟ್ಟರೆ ಕಣಗಳು ಕಂಡೇ ಕಾಣುತ್ತವೆ. ಮುಂದಿನ ಗಾಜಿನ ಬಳಿಯ ಕೆಲವು ಕಣಗಳು ಚಿತ್ರದಲ್ಲಿ ಚುಕ್ಕೆಯಾಗಲು ಸಾಧ್ಯವೇ ಇಲ್ಲ, ಫೋಕಸ್ ಇರುವ ಜಾಗದಿಂದ ಅವು ಅಷ್ಟು ದೂರ. ಹಿಂದಿನ ಗಾಜು ಸೆನ್ಸರಿಗೆ ಹತ್ತಿರ. ಅದರ ಮೇಲಿನ ಕಲೆಗೆ ಹೆಚ್ಚು ಬೆಲೆ ಕೊಡಬೇಕು. ದೂಳಿಗಿಂತ ಕೆಡುಕು ಮಾಡುವುದು ತೆಳುವಾಗಿ ಹರಡಿದ ಮಸುಕು. ಬೆರಳಚ್ಚು, ಒಳಗಿನ ಗ್ರೀಸು ಆವಿಯಾಗಿ ಗಾಜಿಗೆ ಕೂತ ಮಂಜು, ಮದುವೆ ರಿಸೆಪ್ಷನ್ನಿನಲ್ಲಿ ಬಿಡುವ ಹೊಗೆಯಂತ್ರದ ಜಿಡ್ಡು, ಇವೆಲ್ಲ ಚುಕ್ಕೆ ಮೂಡಿಸುವುದಿಲ್ಲ, ಚಿತ್ರದ ಕಾಂಟ್ರಾಸ್ಟನ್ನೇ ತಿನ್ನುತ್ತವೆ. ಎದುರು ಬೆಳಕಿಗೆ ಹಿಡಿದಾಗ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗಾದರೆ ಹುಡುಕಬೇಕಾದ್ದು ಈ ಮಸುಕನ್ನು.

ಜಾತ್ರೆಯ ಫೋಟೊಗ್ರಾಫರನ ಲೆನ್ಸಿಗೆ ಇನ್ನೂ ಒಂದು ಬಗೆಯ ಕಲೆ ಇದೆ. ಹಿರಿಯೂರಿನ ತೇರುಮಲ್ಲೇಶ್ವರನ ರಥವೋ ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ರಥವೋ ಎಳೆಯುವಾಗ ತೇರಿಗೆ ಎಸೆದ ಬಾಳೆಹಣ್ಣು ಗುರಿ ತಪ್ಪಿ ಎಲ್ಲೆಲ್ಲೋ ಬೀಳುತ್ತದೆ. ನಾಯಕನಹಟ್ಟಿಯಲ್ಲಿ ಕೊಬ್ಬರಿ ಸುಡುವ ಹರಕೆಯ ಹೊಗೆಯಲ್ಲಿ ಎಣ್ಣೆಯ ಅಂಶವಿರುತ್ತದೆ. ಅದರ ಮೇಲೆ ಕಾಲ್ದೂಳು, ಕುಂಕುಮ, ಭಂಡಾರ ಕೂರುತ್ತವೆ. ಜಿಡ್ಡು, ಸಕ್ಕರೆ, ಮರಳು ಮೂರೂ ಸೇರಿದ ಈ ಕಲೆಯನ್ನು ಪಂಚೆಯ ಅಂಚಿನಿಂದಲೋ ಬನಿಯನ್ನಿನಿಂದಲೋ ಒಣಗಿದ್ದಾಗಲೇ ತಿಕ್ಕಿದರೆ ಲೇಪ ಹೋಗುತ್ತದೆ. ಮೊದಲು ಬ್ಲೋಅರ್, ಆಮೇಲೆ ಮೃದು ಬ್ರಷ್. ಹಾರುವುದೆಲ್ಲ ಹಾರಿದ ಮೇಲೆ ಲೆನ್ಸ್ ದ್ರವದ ಒಂದು ಹನಿಯನ್ನು ಗಾಜಿಗಲ್ಲ, ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಬೇಕು. ಗಾಜಿಗೇ ಹನಿ ಬಿಟ್ಟರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್‌ಗಳು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ.

ಬೂಷ್ಟು ದೂಳಿನಂತೆ ಕಾಣುವ ಬೇರೆ ರೋಗ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಲೆನ್ಸಿನ ಒಳಗೆ ಕಂಡರೆ ಅದು ಫಂಗಸ್. ಗಾಳಿಯ ತೇವ ಶೇಕಡಾ 65 ದಾಟಿದ ಕಡೆ, ಕತ್ತಲೆಯಲ್ಲಿ ಮುಚ್ಚಿಟ್ಟ ಲೆನ್ಸಿನಲ್ಲಿ ಅದು ಬೆಳೆಯುತ್ತದೆ. ಆದ್ದರಿಂದ ಕ್ಯಾಮೆರಾ ಹಿಂದೆ ಯಾವ ಊರಿನಲ್ಲಿತ್ತು ಎಂದು ಕೇಳುವುದು ಕುತೂಹಲದ ಪ್ರಶ್ನೆಯಲ್ಲ. ತೀರ್ಥಹಳ್ಳಿಯಿಂದಲೋ ಕುಂದಾಪುರದಿಂದಲೋ ಬಂದ ಲೆನ್ಸಿನಲ್ಲಿ ಮೊದಲು ಬೂಷ್ಟು ಹುಡುಕಬೇಕು. ದುರ್ಗ, ಹಿರಿಯೂರಿನ ಲೆನ್ಸಿನಲ್ಲಿ ಮೊದಲು ಮರಳಿನ ಗೀರು. ಬಯಲುಸೀಮೆಯ ಒಣಹವೆಗೆ ಬಂದ ಮೇಲೆ ಬೂಷ್ಟಿನ ಬೆಳವಣಿಗೆ ನಿಲ್ಲಬಹುದು. ಅಷ್ಟರೊಳಗೆ ಅದು ಉಗುಳಿದ ಆಮ್ಲ ಲೇಪವನ್ನೂ ಗಾಜನ್ನೂ ತಿಂದಿದ್ದರೆ ಆ ಗುರುತು ಉಳಿಯುತ್ತದೆ. ಅಂಚಿನಲ್ಲಿ ಒಂದೆರಡು ಎಳೆಯಿರುವ ಲೆನ್ಸನ್ನು ಬೆಲೆ ಇಳಿಸಿ ಕೊಳ್ಳಬಹುದು. ನಡುಗಾಜಿನಲ್ಲಿ ಹಬ್ಬಿದ್ದರೆ ಬೇಡ. ಇಲ್ಲೂ ಲೆದರ್ ಕೇಸಿನಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿದ ಲೆನ್ಸು ಒಂದು ಒಳ್ಳೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯಬಲ್ಲದು. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಇದ್ದರೆ ಸಾಕು.

ಸೆನ್ಸರಿನ ದೂಳು ತೆಗೆಯುವ ಕ್ರಮದಲ್ಲಿ ಮೊದಲ ಮೆಟ್ಟಿಲು ಕ್ಯಾಮೆರಾದ ಸ್ವಂತ ಕಂಪನ, ಆ ಸೌಲಭ್ಯ ಇದ್ದರೆ. ಎರಡನೆಯದು ರಬ್ಬರ್ ಬುರುಡೆಯ ಬ್ಲೋಅರ್. ಬಹುಪಾಲು ದೂಳು ಇಷ್ಟಕ್ಕೇ ಹೋಗುತ್ತದೆ. ಕೆಲಸಕ್ಕೆ ಮುಂಚೆ ಕೋಣೆಯ ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಗಾಳಿ ಏಳುವ ಮಧ್ಯಾಹ್ನಕ್ಕಿಂತ ಬೆಳಗಿನ ಜಾವ ವಾಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆಯ್ಕೆ ಒತ್ತಿದರೆ ಕನ್ನಡಿ ಮೇಲೆದ್ದು ಶಟರ್ ತೆರೆದುಕೊಳ್ಳುತ್ತದೆ. ಬ್ಯಾಟರಿ ನಡುವೆ ಕೈಕೊಟ್ಟರೆ ಶಟರಿನ ತೆಳು ಹಾಳೆಗಳು ಒಳಗಿದ್ದ ಒರೆಸುವ ಕಡ್ಡಿಯ ಮೇಲೆ ಬಡಿಯುತ್ತವೆ. ಬಲ್ಬ್ ಮೋಡಿನಲ್ಲಿ ಬೆರಳೊತ್ತಿ ಹಿಡಿದು ಕೆಲಸ ಮಾಡುವ ಹಳೆಯ ರೂಢಿಯಲ್ಲೂ ಇದೇ ಅಪಾಯ. ಕ್ಯಾಮೆರಾದ ಬಾಯಿ ಕೆಳಮುಖವಾಗಿ ಹಿಡಿದು, ಬ್ಲೋಅರಿನ ಮೂತಿ ಮೌಂಟಿನ ಉಂಗುರದಿಂದ ಒಳಗೆ ಹೋಗದಂತೆ ಊದಿದರೆ ಉದುರಿದ ಕಣ ಹೊರಗೆ ಬೀಳುತ್ತದೆ.

ಪಂಚರ್ ಅಂಗಡಿಯ ಕಂಪ್ರೆಸರಿನ ಗಾಳಿ ಹಿಡಿಸುವುದು ಸುಲಭ ಉಪಾಯದಂತೆ ತೋರುತ್ತದೆ. ಆ ಗಾಳಿಯಲ್ಲಿ ಎಣ್ಣೆಯ ಸೂಕ್ಷ್ಮ ಹನಿಯೂ ಟ್ಯಾಂಕಿನ ನೀರೂ ಇರುತ್ತವೆ, ಒತ್ತಡವೂ ಶಟರ್ ತಡೆಯುವಂಥದ್ದಲ್ಲ. ಡಬ್ಬಿಯಲ್ಲಿ ತುಂಬಿ ಮಾರುವ ಗಾಳಿಯಿಂದ ಅದರ ದ್ರವ ಚಿಮ್ಮಿ ಗಾಜಿಗೆ ಹೆಪ್ಪುಗಟ್ಟುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ತೆಗೆಯುವ ಎಳೆಗಿಂತ ಬಿಡುವ ಎಳೆಯೇ ಹೆಚ್ಚು.

ಊದಿದರೂ ಹೋಗದೆ ಅಂಟಿದ ಕಣಕ್ಕೆ, ಜಿಡ್ಡಿನ ಕಲೆಗೆ ಒದ್ದೆ ಸ್ವಾಬ್, ಅಂದರೆ ಒರೆಸುವ ಕಡ್ಡಿ, ಬೇಕು. ಎಪಿಎಸ್-ಸಿ ಸೆನ್ಸರಿಗೆ 16 ಮಿಲಿಮೀಟರ್, ಫುಲ್ ಫ್ರೇಮಿಗೆ 24 ಮಿಲಿಮೀಟರ್ ಅಗಲದ ಸ್ವಾಬುಗಳು ಸಿಗುತ್ತವೆ. ಅಗಲ ಸೆನ್ಸರಿನ ಎತ್ತರಕ್ಕೆ ಸರಿಹೊಂದುವುದರಿಂದ ಒಂದೇ ಎಳೆತಕ್ಕೆ ಇಡೀ ಗಾಜು ಮುಗಿಯುತ್ತದೆ. ಸೆನ್ಸರಿಗೆಂದೇ ಮಾರುವ ದ್ರವದ ಎರಡು ಹನಿ ಸಾಕು. ಸ್ವಾಬನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹಗುರ ಒತ್ತಡದಲ್ಲಿ ಎಳೆದು, ಮಗ್ಗುಲು ಬದಲಿಸಿ ವಾಪಸು ಎಳೆದು, ಎಸೆದುಬಿಡಬೇಕು. ಉಳಿತಾಯಕ್ಕೆಂದು ಅದನ್ನೇ ಮತ್ತೆ ಬಳಸಿದರೆ ಅದರಲ್ಲಿ ಸಿಕ್ಕಿದ ಮರಳು ಗಾಜಿನ ಮೇಲೆ ಗೆರೆ ಎಳೆಯುತ್ತದೆ. ಬ್ಲೋಅರ್ ಹಾಯಿಸದೆ ನೇರ ಸ್ವಾಬಿಗೆ ಹೋಗುವುದು ಈ ಜಿಲ್ಲೆಯ ದೂಳಿನ ಮಟ್ಟಿಗಂತೂ ಸಲ್ಲದು. ಸೆನ್ಸರ್ ಒರೆಸುವ ಹಲವು ದ್ರವಗಳಲ್ಲಿ ಮೆಥನಾಲ್ ಇರುತ್ತದೆ, ವಿಷ ಮತ್ತು ಬೆಂಕಿಗೆ ಬೇಗ ತಗುಲುವಂಥದ್ದು. ದೀಪ, ಊದುಬತ್ತಿ, ಮಕ್ಕಳು ಮೂರರಿಂದಲೂ ದೂರವಿಡಬೇಕು.

ಒರೆಸಿದ ಕೆಲವೇ ವಾರಗಳಲ್ಲಿ ಗುಂಡನೆಯ ಕಲೆಗಳು ಮತ್ತೆ ಹುಟ್ಟಿದರೆ ತಪ್ಪು ಹೊರಗಿನ ದೂಳಿನದಲ್ಲ, ಒಳಗಿನ ಯಂತ್ರದ್ದು. ಇದಕ್ಕೆ ಹೆಸರಾದದ್ದು 2012ರಲ್ಲಿ ಬಂದ ನಿಕಾನ್ ಡಿ600. ಶಟರಿನಿಂದ ಸೆನ್ಸರಿಗೆ ಕಲೆ ಸಿಡಿಯುತ್ತದೆ ಎಂಬ ದೂರುಗಳು ಬಂದವು, 2013ರಲ್ಲಿ ಡಿ610 ಹೊರಬಂತು, 2014ರಲ್ಲಿ ಕಂಪನಿ ಡಿ600ರ ಶಟರನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಇಂದು ಕಡಿಮೆ ಬೆಲೆಗೆ ಸಿಗುವ ಡಿ600ರ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಶಟರ್ ಬದಲಾಗಿದೆಯೇ ಎಂಬುದು. ಮದುವೆ ಸ್ಟುಡಿಯೊಗಳಿಂದ ಬರುವ ಬಾಡಿಗಳಲ್ಲಿ ಕ್ಲಿಕ್ಕಿನ ಲೆಕ್ಕವನ್ನೂ ನೋಡಬೇಕು: ಕ್ಯಾನನ್ 5ಡಿ ಮಾರ್ಕ್ 3ಕ್ಕೆ ತಯಾರಕರು ಹೇಳುವ ಶಟರ್ ಆಯಸ್ಸು 1,50,000, 6ಡಿಗೆ 1,00,000. ಶಟರ್ ಸವೆಯುತ್ತ ಬಂದಂತೆ ಅದರ ಪುಡಿಯೂ ಸೆನ್ಸರಿನ ಮುಂದೆಯೇ ಉದುರುತ್ತದೆ.

ಜೇಬಿನ ಕಾಂಪ್ಯಾಕ್ಟ್ ಕ್ಯಾಮೆರಾಗಳದು ಬೇರೆ ಕತೆ. ಲೆನ್ಸ್ ಕಳಚಲು ಬಾರದು. ಕೊಳವೆ ಹೊರಬಂದು ಒಳಹೋಗುವಾಗ ಎಳೆದುಕೊಂಡ ದೂಳು ಸೆನ್ಸರ್ ಸೇರಿದರೆ ಬಿಚ್ಚದೆ ದಾರಿಯಿಲ್ಲ. ಬಿಚ್ಚುವ ಕೈಗೆ ಒಳಗಿನ ಫ್ಲ್ಯಾಶ್ ಕೆಪಾಸಿಟರ್ ಕಾದಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ 300 ವೋಲ್ಟಿನಷ್ಟು ಉಳಿದಿರಬಲ್ಲದು. ಇಂಥ ಕ್ಯಾಮೆರಾದಲ್ಲಿ ಚುಕ್ಕೆ ಕಂಡರೆ ಕೊಳ್ಳದಿರುವುದೇ ಸರಿ. ರಿಪೇರಿಯ ಖರ್ಚಿಗೆ ಇನ್ನೊಂದೇ ಬಂದೀತು.

ಮುಟ್ಟದೆಯೇ ಸರಿಪಡಿಸುವ ದಾರಿಯೂ ಉಂಟು. ಕ್ಯಾನನ್ ಕ್ಯಾಮೆರಾಗಳಲ್ಲಿ ಬಿಳಿ ಕಾಗದದ ಫೋಟೊ ತೆಗೆಸಿ ದೂಳಿನ ನಕ್ಷೆಯನ್ನು ಚಿತ್ರಗಳಿಗೆ ಸೇರಿಸುವ ಡಸ್ಟ್ ಡಿಲೀಟ್ ಡೇಟಾ, ನಿಕಾನಿನಲ್ಲಿ ಇಮೇಜ್ ಡಸ್ಟ್ ಆಫ್ ಎಂಬ ಸೌಲಭ್ಯಗಳಿವೆ. ಆಮೇಲೆ ಆಯಾ ಕಂಪನಿಯ ಸಾಫ್ಟ್‌ವೇರ್ ಆ ಚುಕ್ಕೆಗಳನ್ನು ಅಳಿಸುತ್ತದೆ. ಲೈಟ್‌ರೂಮಿನಲ್ಲಿ ಒಂದು ಫೋಟೊದ ಚುಕ್ಕೆ ತಿದ್ದಿ ಅದೇ ತಿದ್ದುಪಡಿಯನ್ನು ಉಳಿದವಕ್ಕೂ ಹರಡಬಹುದು, ದೂಳಿನ ಜಾಗ ಬದಲಾಗದ ಕಾರಣ ಆಕಾಶದ ಚಿತ್ರಗಳಲ್ಲಿ ಅದು ಚೆನ್ನಾಗಿ ಒಪ್ಪುತ್ತದೆ. ಮುಖದ ಮೇಲೆ, ಸೀರೆಯ ಜರಿಯ ಮೇಲೆ ಚುಕ್ಕೆ ಬಿದ್ದಿದ್ದರೆ ಒಂದೊಂದನ್ನೇ ಕೈಯಿಂದ ತಿದ್ದಬೇಕು. ಎರಡು ಮೂರು ಸಣ್ಣ ಚುಕ್ಕೆಗಳಿಗಾಗಿ ಸ್ವಾಬ್ ಹಿಡಿಯುವುದಕ್ಕಿಂತ ಈ ದಾರಿ ಮೇಲು.

ದೂಳು ಮತ್ತೆ ಸೇರದಂತೆ ಪೂರ್ತಿ ತಡೆಯಲಾಗದು, ತಗ್ಗಿಸಬಹುದು. ಲೆನ್ಸ್ ಬದಲಿಸುವಾಗ ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ಕೆಳಗೆ ಮಾಡಿ, ಹಾಕಬೇಕಾದ ಲೆನ್ಸಿನ ಹಿಂಗಾಜನ್ನು ಮೊದಲೇ ಊದಿಟ್ಟುಕೊಂಡಿರಬೇಕು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರ್ ಬಾಯಲ್ಲೇ ಇರುವುದರಿಂದ ಈ ಎಚ್ಚರ ಇನ್ನೂ ಹೆಚ್ಚು. 2018ರ ಕ್ಯಾನನ್ ಇಒಎಸ್ ಆರ್‌ನಂಥ ಕೆಲವು ಸ್ವಿಚ್ ಆರಿಸಿದೊಡನೆ ಶಟರ್ ಮುಚ್ಚಿಕೊಳ್ಳುತ್ತವೆ. ಜೋಗಿಮಟ್ಟಿಯ ನೆತ್ತಿಯಲ್ಲಿ, ಹೆದ್ದಾರಿ 48ರ ಬದಿಯಲ್ಲಿ ಲೆನ್ಸ್ ಬದಲಿಸದೆ ಇರುವುದೇ ಒಳ್ಳೆಯದು. ಬ್ಯಾಗಿನ ತಳದ ಕೆಂಪು ಪುಡಿಯನ್ನೂ ಆಗಾಗ ಕೊಡವಬೇಕು. ಬಾಡಿ ಕ್ಯಾಪ್ ಮತ್ತು ಲೆನ್ಸ್ ಕ್ಯಾಪಿನ ಒಳಬದಿ ಹೆಚ್ಚಿನವರು ಮರೆಯುವ ಜಾಗ.

ಸ್ವಾಬಿಗೂ ಜಗ್ಗದ ಕಲೆ ಫಿಲ್ಟರಿನ ಪದರಗಳ ನಡುವೆ ಇರಬಹುದು, ಇಲ್ಲವೇ ಹಿಂದಿನವರು ಎಳೆದ ಗೀರಾಗಿರಬಹುದು. ಎರಡಕ್ಕೂ ಫಿಲ್ಟರ್ ಕಳಚಬೇಕು. ಅದು ಸರ್ವೀಸ್ ಸೆಂಟರಿನ ಕೆಲಸ, ಹಳೆಯ ಬಾಡಿಯ ಬೆಲೆಗೆ ಸಮನಾದ ಖರ್ಚೂ ಆಗಬಹುದು. ಕ್ಯಾಮೆರಾ ಕೊಡುವಾಗ ಎಫ್/22ರ ಪರೀಕ್ಷಾ ಫೋಟೊ ಜೊತೆಗಿರಲಿ; ವಾಪಸು ಪಡೆಯುವಾಗ ಅದೇ ಸೆಟ್ಟಿಂಗಿನಲ್ಲಿ ಕೌಂಟರಿನ ಎದುರಿನ ಗೋಡೆಗೇ ಇನ್ನೊಂದು ತೆಗೆದು, ಎರಡನ್ನೂ ಹೋಲಿಸಿ ನೋಡಿ ಹಣ ಕೊಡಬೇಕು.